ಬೊಕ್ಕಸವೂ ಜೋಳಿಗೆಯೂ



ಶ್ರಾವಣವು ನಮಗೆ ಪುರಾಣ ಪ್ರವಚನಗಳ ಮಾಸ. ಘಟ್ಟದ ಕೆಳಗಿನ ಭಟ್ಕಳ, ಹೊನ್ನಾವರ, ಕುಮಟೆಗಳವರಿಗೆ ಅದು ಹೊಳೆಯು ಹೊಸ್ತಿಲಿಗೆ ಬರುವ ಮಾಸವೂ ಅಹುದು. ಗುಂಡಬಾಳೆ ಹೊಳೆ ಉಕ್ಕಿದರೆ ಹೊನ್ನಾವರದ ತಗ್ಗಿನ ಕೇರಿಗಳು, ಅಘನಾಶಿನಿ ಉಕ್ಕಿದರೆ ಕುಮಟೆಯ ಗದ್ದೆಬಯಲುಗಳು ನೀರಲ್ಲಿ ನಿಲ್ಲುತ್ತವೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದು ದಿನದೊಳಗೆ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಗುಡ್ಡ ಕುಸಿದು, ಒಂದೇ ಮನೆಯ ನಾಲ್ವರು ಮಣ್ಣುಪಾಲಾದರು. 2024ರ ಜುಲೈ 16ರಂದು ನೆರೆಯ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿತು.

ಇಂತಹ ವಿಪತ್ತುಗಳ ಬಳಿಕ ಪ್ರವಚನ ಮುಗಿಸಿ ಕುಳಿತಾಗ ಭಕ್ತರಲ್ಲಿ ಎರಡು ಮಾತು ಏಳುವುದುಂಟು. “ಕಂದಾಯ ತೆತ್ತಿದ್ದೇವೆ, ಸರಕಾರವೇ ನೋಡಿಕೊಳ್ಳಲಿ, ನಾವು ಮತ್ತೆ ಅಕ್ಕಿ ಎತ್ತುವುದೇಕೆ ಮಾಸ್ತರೆ?” ಎಂದು ಒಬ್ಬರು. “ಬೊಕ್ಕಸದಿಂದ ಹಂಚಿದರೆ ಜನ ಕಾಯಕಗಳ್ಳರಾಗುವರು, ಧರ್ಮವಂತರು ಕೊಟ್ಟರೆ ಸಾಕು” ಎಂದು ಇನ್ನೊಬ್ಬರು. ಈ ಎರಡು ಮಾತುಗಳೂ ಶರಣಮಾರ್ಗಕ್ಕೆ ಸಲ್ಲವೆಂಬುದೇ ಇಂದಿನ ನನ್ನ ಅರಿಕೆ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅರಸನ ಹೊನ್ನನ್ನು ಜಂಗಮ ದಾಸೋಹಕ್ಕೆ ಸುರಿಯುತ್ತಿರುವರೆಂದು ಕೊಂಡೆಯರು ದೂರಿದರು. ಬಿಜ್ಜಳನು ಭಂಡಾರವನ್ನು ಎಣಿಸಿಸಿ ನೋಡಲು ಒಂದು ಹಣವೂ ಕಡಮೆಯಿರಲಿಲ್ಲವೆಂದು ಚರಿತ್ರೆಗಳು ಹೇಳುತ್ತವೆ. ಇದನ್ನು ನಾವು ಪವಾಡವೆಂದು ಕೇಳಿ ಕೈಮುಗಿದು ಏಳುತ್ತೇವೆ. ಇದರೊಳಗಿನ ನೀತಿಯನ್ನು ನೋಡಬೇಕು. ಭಂಡಾರವು ಪ್ರಜೆಯ ಬೆವರು, ಅದಕ್ಕೆ ಲೆಕ್ಕವುಂಟು. ದಾಸೋಹವು ತನ್ನ ಕಾಯಕದ ಫಲ, ಅದಕ್ಕೆ ಭಕ್ತಿಯುಂಟು. ಬಸವಣ್ಣನವರು ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಿಕೊಳ್ಳಲಿಲ್ಲ.

ಇಂದಿನ ಭಂಡಾರದ ಕಟ್ಟಳೆಯೇನು? 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ರಾಜ್ಯಕ್ಕೊಂದು, ರಾಷ್ಟ್ರಕ್ಕೊಂದು ನಿಧಿ ಏರ್ಪಟ್ಟಿವೆ. ನಮ್ಮ ರಾಜ್ಯದ ನಿಧಿಯಲ್ಲಿ ಕೇಂದ್ರದ ಪಾಲು ನೂರಕ್ಕೆ 75, ರಾಜ್ಯದ ಪಾಲು 25. ವಿಪತ್ತು ಘೋರವಾದರೆ ರಾಷ್ಟ್ರನಿಧಿಯಿಂದ ಕೇಳಬೇಕು. ಕೇಳಿದ್ದಕ್ಕೂ ಬಂದದ್ದಕ್ಕೂ ನಡುವೆ ವಾದವೇಳುತ್ತದೆ. 2023ರ ಬರಗಾಲಕ್ಕೆ ಕರ್ನಾಟಕವು 18,171 ಕೋಟಿ ರೂಪಾಯಿ ಕೇಳಿ, ದೊರೆಯದೆ, 2024ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಕೇಂದ್ರಕ್ಕೂ ರಾಜ್ಯಕ್ಕೂ ಹೀಗೆ ಪೈಪೋಟಿ ಬೇಡವೆಂದು ನ್ಯಾಯಾಲಯವು ನುಡಿಯಿತು. ಏಪ್ರಿಲ್ ಕೊನೆಗೆ ಸುಮಾರು 3,450 ಕೋಟಿ ಬಂದಿತು. ಯಾರ ಲೆಕ್ಕ ಸರಿಯೆಂಬುದನ್ನು ಬಲ್ಲವರು ನಿರ್ಣಯಿಸಲಿ. ಆದರೆ ಮಳೆಗಾಲದಲ್ಲಿ ಒಣಗಿದ ಪೈರಿಗೆ ಮರು ಬೇಸಗೆಯಲ್ಲಿ ಪರಿಹಾರ ಬಂದಿತೆಂಬುದನ್ನು ರೈತನು ಮರೆಯಲಾರ. ಹಸಿದವನಿಗೆ ಹೊತ್ತು ಮೀರಿ ಬಡಿಸಿದ ಅನ್ನದಲ್ಲಿ ಅರ್ಧ ಪುಣ್ಯವೂ ಉಳಿಯದು.

ಕೊಡುವವರಿಗೆ ಹೇಳಿದಂತೆ ಕೊಳ್ಳುವವರಿಗೂ ಮಾತುಂಟು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮನವರು ಅದನ್ನು ಆಶೆಯೆಂದು ತಿಳಿದು, ಮರಳಿ ಅಲ್ಲಿಯೇ ಸುರಿದು ಬರಹೇಳಿದರು. ಮನೆ ಪೂರ್ತಿ ಬಿದ್ದವರಿಗೆ 2022ರ ಕೇಂದ್ರದ ಮಾನದಂಡವು ಬಯಲುಸೀಮೆಯಲ್ಲಿ ಗೊತ್ತುಮಾಡಿದ್ದು 1,20,000 ರೂಪಾಯಿ. ಅದರಲ್ಲಿ ಗೋಡೆಯೇಳುವುದೇ ಕಷ್ಟ. ಹೀಗಿರಲು, ಹೆಂಚು ಜಾರಿದವನು ಮನೆ ಬಿದ್ದವನ ಪಟ್ಟಿಯಲ್ಲಿ ಹೆಸರು ಬರೆಸಿದರೆ, ಅವನು ಮೋಸಗೊಳಿಸಿದ್ದು ಸರಕಾರವನ್ನಲ್ಲ, ಪಕ್ಕದ ಮನೆಯವನನ್ನು.

ನನ್ನ ತಪ್ಪನ್ನೂ ಹೇಳಿಕೊಳ್ಳುತ್ತೇನೆ. ಒಂದು ನೆರೆಯ ವರ್ಷ ಶಾಲೆಯ ಮಕ್ಕಳೊಡನೆ ಬಟ್ಟೆ ಎತ್ತಿ, ಗಂಟು ಹೊರಿಸಿಕೊಂಡು ಪರಿಹಾರ ಕೇಂದ್ರಕ್ಕೆ ಹೋದೆನು. ಮನದಲ್ಲಿ ಕೊಟ್ಟೆನೆಂಬ ಹಮ್ಮಿತ್ತು. ಒಬ್ಬ ತಾಯಿ ಸೀರೆಯನ್ನು ಮುಟ್ಟಲಿಲ್ಲ. “ಮಾಸ್ತರೆ, ಸೀರೆ ಬೇಕಾದಷ್ಟು ಬಂದಿವೆ. ಮನೆಯ ಪಂಚನಾಮೆ ಆಗಿಲ್ಲ. ಅರ್ಜಿ ಬರೆಯಲು ನನಗೆ ಬಾರದು” ಎಂದಳು. ನಲವತ್ತು ಮಕ್ಕಳಿಗೆ ನಿತ್ಯ ಅಕ್ಷರ ಹೇಳುವ ನಾನು ಲೇಖನಿಯನ್ನು ಮನೆಯಲ್ಲಿಟ್ಟು ಹಳೆಯ ಸೀರೆ ತಂದಿದ್ದೆನು! ಅಂದು ನಾಚಿದೆನು. ಕಾಗದ ಎರವಲು ಪಡೆದು ಸಂಜೆಯವರೆಗೆ ಅರ್ಜಿಗಳನ್ನು ಬರೆದೆನು.

ಆದುದರಿಂದ ಗೃಹಸ್ಥ ಬಂಧುಗಳೇ, ಬೊಕ್ಕಸದಿಂದ ಬರುವುದು ಭಿಕ್ಷೆಯಲ್ಲ, ನೊಂದವರ ಹಕ್ಕು. ಅದನ್ನು ಹೊತ್ತಿಗೆ ಕೊಡಿರೆಂದು ಕೇಳುವುದು ಧರ್ಮವೇ ಆಗಿದೆ. ಆದರೆ ಬೊಕ್ಕಸದ ಬಾಗಿಲು ತೆರೆಯುವ ತನಕ ಒಲೆ ಹೊತ್ತಿಸಬೇಕಾದವರು ನೆರೆಯವರು. ಮೊದಲ ದಿನದ ಗಂಜಿ ನಿಮ್ಮ ಜೋಳಿಗೆಯಿಂದ ಹೋಗಲಿ. ಅಕ್ಷರ ಬಲ್ಲವನು ಅರ್ಜಿ ಬರೆಯಲಿ, ಬಡಗಿಯು ತೊಲೆಯೆತ್ತಲಿ, ಪಂಚಾಯತಿಯಲ್ಲಿ ಕುಳಿತವನು ಪಟ್ಟಿಯನ್ನು ಊರ ಮುಂದೆ ಓದಿ ಹೇಳಲಿ. ಅವರವರ ಕಾಯಕವೇ ಅವರವರ ದಾಸೋಹ. ನೊಂದವರ ಜಾತಿಮತವನ್ನು ಹೊಳೆಯು ಕೇಳಲಿಲ್ಲ, ನಾವೂ ಕೇಳದಿರೋಣ.