ಚೀಟಿಯ ಕೊನೆಯ ಸಾಲು

ತಾಲ್ಲೂಕು ಆಸ್ಪತ್ರೆಯೊಂದರ ಹೊರಗಿನ ಸಿಮೆಂಟು ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದರು. ವಯಸ್ಸು ನಲವತ್ತು ದಾಟಿರಲಾರದು, ನೋಡಿದರೆ ಅರವತ್ತು ಅನ್ನಿಸುತ್ತಿತ್ತು. ನಾನು ಕರೆದುಕೊಂಡು ಹೋಗಿದ್ದವರ ಸರದಿ ಬರಲು ಇನ್ನೂ ಹೊತ್ತಿತ್ತು. ಆಕೆ ಸೆರಗಿನ ಗಂಟು ಬಿಚ್ಚಿ ಮಡಿಸಿದ ಚೀಟಿ ತೆಗೆದು, "ಇದ್ರಲ್ಲಿ ಏನ್ ಬರ್ದವ್ರೆ ಒಸಿ ನೋಡಣ್ಣ" ಅಂದರು.

ಅದು ಕ್ಷಯದ ಚಿಕಿತ್ಸೆಯ ಚೀಟಿ. ತೂಕ 34 ಕೆ.ಜಿ. ಎಂದು ಬರೆದಿತ್ತು. ಆ ತೂಕಕ್ಕೆ ದಿನಕ್ಕೆ ಎರಡು ಮಾತ್ರೆ. ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಎರಡೇ ಪದ: ಗುಡ್ ಡಯಟ್. "ಹಾಲು, ಮೊಟ್ಟೆ, ಬೇಳೆ, ಸೊಪ್ಪು ಚೆನ್ನಾಗಿ ತಿನ್ನಿ ಅಂತ ಬರೆದಿದ್ದಾರೆ" ಎಂದೆ. ಆಕೆ ನಕ್ಕುಬಿಟ್ಟರು. "ಗುಳ್ಗೆ ಕೊಡೋ ಕಿಟ್ಕಿ ಅಲ್ಲೈತೆ. ಮೊಟ್ಟೆ ಕೊಡೋ ಕಿಟ್ಕಿ ಎಲ್ಲೈತಣ್ಣ?" ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಹೇಳಿದರು: "ಗುಳ್ಗೆ ನುಂಗಕ್ ಶುರು ಮಾಡ್ದಾಗಿಂದ ಹಸಿವು ಜಾಸ್ತಿ ಆಗೈತೆ. ಅದ್ಕೇ ನಾಕ್ ದಿನ ಬಿಟ್ಟಿದ್ದೆ. ಒಳಗೆ ಬೈದ್ರು."

ಬೈದವರ ತಪ್ಪೂ ಅಲ್ಲ. ಮಾತ್ರೆ ನಡುವೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ಆಮೇಲೆ ಅದೇ ರೋಗಕ್ಕೆ ಇನ್ನೂ ಕಠಿಣವಾದ, ಇನ್ನೂ ದೀರ್ಘವಾದ ಚಿಕಿತ್ಸೆ ಬೇಕು. ಆದರೆ ಆಕೆ ಹೇಳಿದ್ದೂ ಸುಳ್ಳಲ್ಲ. ಔಷಧಿ ಕೆಲಸ ಮಾಡತೊಡಗಿದಂತೆ ಬತ್ತಿಹೋಗಿದ್ದ ಹಸಿವು ಮರಳಿ ಬರುತ್ತದೆ. ಅದು ಗುಣವಾಗುತ್ತಿರುವ ಲಕ್ಷಣ. ಪಾತ್ರೆಯಲ್ಲಿ ಅನ್ನವಿದ್ದ ಮನೆಯಲ್ಲಿ ಇದನ್ನು ಕಂಡು ಸಂತೋಷಪಡುತ್ತಾರೆ, ಇಲ್ಲದ ಮನೆಯಲ್ಲಿ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಆಕೆ ಮಾಡಿದ್ದನ್ನು ನಾವು ಅಜ್ಞಾನ ಅನ್ನುತ್ತೇವೆ. ನನಗೆ ಅದರಲ್ಲಿ ಕಂಡದ್ದು ಲೆಕ್ಕಾಚಾರ.

ಆ ಚೀಟಿಯ ಕೊನೆಯ ಸಾಲಿಗೆ ಈಗ ವಿಜ್ಞಾನದ ಸಾಕ್ಷ್ಯ ಸಿಕ್ಕಿದೆ. 2023ರ ಆಗಸ್ಟಿನಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ 'ರೇಷನ್ಸ್' ಎಂಬ ಅಧ್ಯಯನ ಅದು. ಅದನ್ನು ಮುನ್ನಡೆಸಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಹಣ ಒದಗಿಸಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅಧ್ಯಯನ ನಡೆದದ್ದು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ. ಇದರಲ್ಲಿದ್ದವರು 2,800 ಕ್ಷಯರೋಗಿಗಳು ಮತ್ತು ಅವರ ಮನೆಗಳ 10,345 ಮಂದಿ. ಮನೆಯವರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಸಂತಾಲ, ಹೋ, ಮುಂಡಾ, ಒರಾಂವ್ ಮೊದಲಾದ ಆದಿವಾಸಿ ಸಮುದಾಯಗಳವರು.

ಕೇಳಿದ ಪ್ರಶ್ನೆ ಬಹಳ ಸರಳ. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದಿದೆ. ಉಳಿದವರೂ ಅದೇ ಗಾಳಿ ಉಸಿರಾಡುತ್ತಿದ್ದಾರೆ. ಅವರ ಹೊಟ್ಟೆ ತುಂಬಿಸಿದರೆ ಅವರಿಗೆ ರೋಗ ಬರುವುದು ತಪ್ಪುತ್ತದೆಯೇ? ಒಂದು ಗುಂಪಿನ ಮನೆಗಳಲ್ಲಿ ದೊಡ್ಡವರಿಗೆ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಚಿಕ್ಕ ಮಕ್ಕಳಿಗೆ ಅದರ ಅರ್ಧ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಇನ್ನೊಂದು ಗುಂಪಿನ ಮನೆಯವರಿಗೆ ಕೊಡಲಿಲ್ಲ. ಆದರೆ ರೋಗಿಗಳ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಎರಡೂ ಗುಂಪಿನ ಎಲ್ಲ ರೋಗಿಗಳಿಗೂ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಇದ್ದ ಹತ್ತು ಕೆ.ಜಿ. ಬುಟ್ಟಿ ಪ್ರತಿ ತಿಂಗಳೂ ಸಿಕ್ಕಿತು. ಹೋಲಿಕೆಗೆಂದು ಕೆಲವು ರೋಗಿಗಳಿಗೆ ಅನ್ನ ತಪ್ಪಿಸಿದ್ದರೆ ಲೆಕ್ಕ ಇನ್ನಷ್ಟು ಅಚ್ಚುಕಟ್ಟಾಗುತ್ತಿತ್ತು. ಹಸಿದ ರೋಗಿಯ ಎದುರು ಕೂತು ಅಚ್ಚುಕಟ್ಟು ಲೆಕ್ಕ ಬರೆಯುವುದು ಬೇಡ ಎಂದು ನಿರ್ಧರಿಸಿದ ಸಂಶೋಧನೆ ಇದು. ವಿಜ್ಞಾನಕ್ಕೆ ಕರುಣೆ ಇಲ್ಲ ಎನ್ನುವವರು ಈ ಒಂದು ನಿರ್ಧಾರವನ್ನು ನೋಡಬೇಕು.

ಫಲಿತಾಂಶ ಹೀಗಿದೆ. ಪಡಿತರ ಸಿಗದ ಗುಂಪಿನಲ್ಲಿ 4,724 ಮಂದಿಯ ಪೈಕಿ 122 ಜನರಿಗೆ ಮುಂದೆ ಕ್ಷಯ ಬಂತು. ಸಿಕ್ಕ ಗುಂಪಿನಲ್ಲಿ 5,621 ಮಂದಿಯ ಪೈಕಿ 96 ಜನರಿಗೆ ಬಂತು. ಕಾಲ ಮತ್ತಿತರ ಅಂಶಗಳನ್ನು ಸರಿದೂಗಿಸಿ ನೋಡಿದಾಗ ಇದು ಶೇ. 39ರಷ್ಟು ಇಳಿಕೆ. ಪ್ರಯೋಗಾಲಯದಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯವನ್ನಷ್ಟೇ ಎಣಿಸಿದರೆ ಇಳಿಕೆ ಶೇ. 48. ಶೇಕಡಾವಾರು ಕೇಳಿ ಮೈಮರೆಯಬಾರದು ಎನ್ನುವುದು ವೈಚಾರಿಕತೆಯ ಮೊದಲ ಪಾಠ. ಆದ್ದರಿಂದ ಸಾದಾ ಲೆಕ್ಕದಲ್ಲೂ ಹೇಳುತ್ತೇನೆ: ಸುಮಾರು 30 ಮನೆಗಳಿಗೆ ಪಡಿತರ ಕೊಟ್ಟರೆ ಒಬ್ಬರಿಗೆ ಕ್ಷಯ ತಪ್ಪುತ್ತದೆ. ಔಷಧಿಯ ಪರೀಕ್ಷೆಯಲ್ಲಿ ಹೋಲಿಕೆಗೆ ಕೊಡುವ ಸುಳ್ಳು ಮಾತ್ರೆಯಂತೆ ಸುಳ್ಳು ಅಕ್ಕಿ ಬೇಳೆ ಮಾಡಲು ಬರುವುದಿಲ್ಲವಾದ್ದರಿಂದ ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಈ ಮಿತಿಯನ್ನೂ ಒಪ್ಪೋಣ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ಮೊತ್ತ ದೊಡ್ಡದು.

ರೋಗಿಗಳ ಚಿತ್ರ ಇನ್ನೂ ಕಟುವಾಗಿದೆ. ಚಿಕಿತ್ಸೆ ಶುರುವಾದಾಗ ಐವರಲ್ಲಿ ನಾಲ್ವರಿಗೂ ಹೆಚ್ಚು ಮಂದಿ ಎತ್ತರಕ್ಕೆ ತಕ್ಕ ತೂಕ ಇಲ್ಲದವರು. ಹತ್ತಿರಹತ್ತಿರ ಅರ್ಧದಷ್ಟು ಜನರದು ತೀವ್ರ ಅಪೌಷ್ಟಿಕತೆ. ಮೊದಲ ಎರಡು ತಿಂಗಳಲ್ಲಿ ಯಾರ ತೂಕ ಶೇ. 5ರಷ್ಟು ಏರಿತೋ ಅವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆಯಿತ್ತು. ಕಟ್ಟೆಯ ಮೇಲೆ ಕೂತಿದ್ದ ಆ ಹೆಂಗಸಿನ ಲೆಕ್ಕಕ್ಕೆ ಇದನ್ನು ಇಳಿಸಿದರೆ 34 ಕೆ.ಜಿ.ಗೆ ಶೇ. 5 ಅಂದರೆ 1 ಕೆ.ಜಿ. 700 ಗ್ರಾಂ. ಒಂದು ಜೀವದ ಗೆರೆ ಈಚೆ ಬೀಳುವುದೋ ಆಚೆ ಬೀಳುವುದೋ ಎಂಬುದು ಎರಡು ಕಿಲೋಗೂ ಕಡಿಮೆ ತೂಕದ ಮೇಲೆ ನಿಂತಿರಬಹುದು.

ಇದು ಅಜ್ಜಿಗೂ ಗೊತ್ತಿದ್ದ ವಿಷಯ, ಇದಕ್ಕೆ ಲ್ಯಾನ್ಸೆಟ್ ಯಾಕೆ ಎಂದು ನೀವು ಕೇಳಬಹುದು. ಗೊತ್ತಿದ್ದದ್ದನ್ನು ನಾವು ಮರೆತದ್ದು ಹೇಗೆ ಎಂಬುದು ಕುತೂಹಲದ ಕತೆ. ಆ ಮರೆವು ಹುಟ್ಟಿದ್ದು ಮೂಢನಂಬಿಕೆಯಿಂದಲ್ಲ, ಒಂದು ಅತ್ಯುತ್ತಮ ಸಂಶೋಧನೆಯಿಂದ.

1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಮೊದಲ ಪರಿಣಾಮಕಾರಿ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ನಡುವಿನ ಅರವತ್ತು ವರ್ಷ ವೈದ್ಯರ ಕೈಯಲ್ಲಿದ್ದದ್ದು ಒಳ್ಳೆಯ ಗಾಳಿ, ವಿಶ್ರಾಂತಿ ಮತ್ತು ಊಟ. ಔಷಧಿ ಬರುವ ಮೊದಲೇ ಇಂಗ್ಲೆಂಡಿನಲ್ಲಿ ಕ್ಷಯದ ಸಾವು ಬಹಳಷ್ಟು ಇಳಿದಿತ್ತು. ಅದರಲ್ಲಿ ಅನ್ನದ ಪಾಲೆಷ್ಟು, ವಸತಿಯ ಪಾಲೆಷ್ಟು ಎಂಬ ವಾದ ಇಂದಿಗೂ ಮುಗಿದಿಲ್ಲ. ನಮ್ಮಲ್ಲಿ ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಆ ಕಾಲದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳು ಕ್ಷಯಕ್ಕೆ ಬಲಿಯಾದರು. ಆಸ್ಪತ್ರೆಗೆ ಆಕೆಯ ಹೆಸರನ್ನೇ ಇಟ್ಟರು. ಅರಮನೆಯಲ್ಲಿ ಅನ್ನಕ್ಕೆ ಬರವಿರಲಿಲ್ಲ, ಆದರೂ ರೋಗ ಒಳಗೆ ಹೋಯಿತು. ಅನ್ನವೊಂದೇ ಸಾಕು ಎನ್ನುವವರು ಈ ಮಾತನ್ನು ಮರೆಯಬಾರದು.

1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನೆಗೆಂದೇ ಒಂದು ಕೇಂದ್ರ ಶುರುವಾಯಿತು. ನಮ್ಮ ಮರೆವಿಗೆ ಕಾರಣವಾದ ಆ ಸಂಶೋಧನೆ ನಡೆದದ್ದು ಇಲ್ಲೇ. ಅಲ್ಲಿಯ ವೈದ್ಯರು ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಂನಲ್ಲಿ, ಮಾತ್ರೆಯ ಜೊತೆಗೆ ಒಳ್ಳೆಯ ಊಟ, ಗಾಳಿ, ವಿಶ್ರಾಂತಿಯೊಂದಿಗೆ. ಇನ್ನೊಂದು ಪಾಲು ಇಕ್ಕಟ್ಟಿನ ತಮ್ಮ ಬಡ ಮನೆಗಳಲ್ಲೇ, ಬರೀ ಅದೇ ಮಾತ್ರೆಯೊಂದಿಗೆ. ವರ್ಷದ ಕೊನೆಗೆ ನೋಡಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಹಾಸಿಗೆ ಸಿಗದೆ ಸಾಯುತ್ತಿದ್ದ ಲಕ್ಷಾಂತರ ಜನರಿಗೆ ಮನೆಯಲ್ಲೇ ಚಿಕಿತ್ಸೆ ಸಾಧ್ಯವಾಯಿತು. ಇದಕ್ಕಿಂತ ಮಾನವೀಯವಾದ ಸಂಶೋಧನೆ ಕಡಿಮೆ.

ಆದರೆ ಅದರಿಂದ ನಾವು ಕಲಿತ ಪಾಠದಲ್ಲಿ ಒಂದು ಅಕ್ಷರ ತಪ್ಪಿತು. 'ಊಟ ಕಡಿಮೆಯಿದ್ದರೂ ಮಾತ್ರೆ ಕೆಲಸ ಮಾಡುತ್ತದೆ' ಎಂಬುದು ಫಲಿತಾಂಶ. 'ಊಟ ಮುಖ್ಯವಲ್ಲ' ಎಂದು ನಾವು ಓದಿಕೊಂಡೆವು. ಕಫದಲ್ಲಿನ ರೋಗಾಣು ಹೋಯಿತೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಮನುಷ್ಯ ಚೇತರಿಸಿಕೊಂಡನೇ, ಹೊಟ್ಟೆ ತುಂಬಿದರೆ ಅವನ ಮಕ್ಕಳಿಗೆ ರೋಗ ಬಾರದಿರುತ್ತದೆಯೇ ಎಂಬ ಪ್ರಶ್ನೆಗಳಿಗೂ ಅಂಟಿಸಿದೆವು. ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎಂದು ನಂಬುವುದೂ ಮೂಢನಂಬಿಕೆಯೇ. ಅದು ಬಿಳಿ ಕೋಟು ಹಾಕಿಕೊಂಡು ಬಂದದ್ದರಿಂದ ಯಾರೂ ಪ್ರಶ್ನಿಸಲಿಲ್ಲ.

ರೋಗಿಯನ್ನು ದೂರುವುದೂ ಇಂಥದೇ ಅಭ್ಯಾಸ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನೇ ಮಾತಾಡಿಸಿದರು. ಹಳ್ಳಿಗರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯದನ್ನೇ ಹೇಳಿತು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ವಾಪಸು ಕಳಿಸಿದ್ದರು. ಅರವತ್ತು ವರ್ಷಗಳಾದ ಮೇಲೂ ನಾವು 'ಜಾಗೃತಿ ಮೂಡಿಸಬೇಕು' ಎಂದು ಭಾಷಣ ಮಾಡುತ್ತಿದ್ದೇವೆ. ಯಾರಲ್ಲಿ ಎಂದು ಕೇಳುವವರಿಲ್ಲ.

ಇನ್ನು ನಮ್ಮ ಬೀದಿಯ ಮಾತು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಕ್ಷಯ ಬಂದರೆ 'ಅವರ ವಂಶದಲ್ಲೇ ಇದೆ' ಎಂದುಬಿಡುತ್ತೇವೆ. ಕೆಲವರು ಕರ್ಮ ಅನ್ನುತ್ತಾರೆ. ರೋಗಾಣು ಒಳಹೊಕ್ಕ ಎಲ್ಲರಿಗೂ ರೋಗ ಬರುವುದಿಲ್ಲ. ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಬದುಕಿನ ಯಾವುದೋ ಘಟ್ಟದಲ್ಲಿ ಅದು ಎದ್ದು ಕೂರುತ್ತದೆ. ಹಾಗೆ ಎಬ್ಬಿಸುವ ಕಾರಣಗಳಲ್ಲಿ ಸಕ್ಕರೆ ಕಾಯಿಲೆ ಇದೆ, ತಂಬಾಕು, ಮದ್ಯ, ಎಚ್‌ಐವಿ ಇವೆ. ಭಾರತದ ಮಟ್ಟಿಗೆ ಎಲ್ಲಕ್ಕಿಂತ ಮುಂದಿರುವುದು ಅರೆಹೊಟ್ಟೆ. ಆ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿರುವುದು ಖಾಲಿ ಗಡಿಗೆ.

ರೋಗಿಯ ತಟ್ಟೆ ಲೋಟ ಬೇರೆ ಇಡುವುದನ್ನು ಓದಿದವರ ಮನೆಗಳಲ್ಲೂ ನೋಡಿದ್ದೇನೆ. ಕ್ಷಯ ಹರಡುವುದು ಗಾಳಿಯಿಂದ, ಲೋಟದಿಂದಲ್ಲ. ಕಿಟಕಿ ತೆರೆದರೆ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿದರೆ ಉಪಯೋಗವುಂಟು. ಕಿಟಕಿ ಮುಚ್ಚಿಯೇ ಇರುತ್ತದೆ, ಲೋಟ ಮಾತ್ರ ಬೇರೆಯಾಗುತ್ತದೆ. ಬೇರೆ ಲೋಟದ ಅಭ್ಯಾಸ ನಮ್ಮ ನಾಡಿಗೆ ಹೊಸದಲ್ಲವಲ್ಲ, ಕೈ ತಾನಾಗಿಯೇ ಅತ್ತ ಹೋಗುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1,000 ಆಯಿತು. 2022ರಲ್ಲಿ 'ನಿಕ್ಷಯ್ ಮಿತ್ರ' ಬಂತು. ದಾನಿಗಳು ರೋಗಿಗಳನ್ನು ದತ್ತು ತೆಗೆದುಕೊಂಡು ಆಹಾರದ ಬುಟ್ಟಿ ಕೊಡಬಹುದು. ಆ ಬುಟ್ಟಿಯನ್ನು ಮನೆಯವರಿಗೂ ವಿಸ್ತರಿಸುವುದಾಗಿ 2024ರಲ್ಲಿ ಪ್ರಕಟಿಸಿದರು. ಕೊಡುವವರಿಗೆ ನಮಸ್ಕಾರ. ಆದರೆ ಮಾತ್ರೆಗೆ ನಾವು ದಾನಿಯನ್ನು ಹುಡುಕುವುದಿಲ್ಲ. ಅದು ರೋಗಿಯ ಹಕ್ಕು ಎಂದು ಒಪ್ಪಿ ಪುಕ್ಕಟೆ ಕೊಡುತ್ತೇವೆ. ಅನ್ನವೂ ಚಿಕಿತ್ಸೆಯ ಭಾಗವೆಂದು ಸಾಬೀತಾದ ಮೇಲೆ ಅದಕ್ಕೆ ಮಾತ್ರ ದಾನಿಯ ಮನಸ್ಸನ್ನೂ ಫೋಟೋವನ್ನೂ ಕಾಯಬೇಕೇಕೆ?

ಕೊಡುವ ಅನ್ನ ಯಾವುದು ಎಂಬುದೂ ಮುಖ್ಯ. ನಮ್ಮ ಅನ್ನಭಾಗ್ಯ 2013ರಿಂದ ಅಕ್ಕಿಯ ಚೀಲ ತುಂಬಿಸಿ ಬಹಳ ಮನೆಗಳ ಹಸಿವು ನೀಗಿಸಿದೆ. ಜಾರ್ಖಂಡಿನ ಬುಟ್ಟಿಯಲ್ಲಿ ಅಕ್ಕಿಯ ಪಕ್ಕ ಬೇಳೆಯೂ ಇತ್ತು, ರೋಗಿಗೆ ಹಾಲಿನ ಪುಡಿಯೂ ಇತ್ತು. ಬಡವರ ತಟ್ಟೆಗೆ ಮೊಟ್ಟೆ ಬೀಳುವಾಗ ನಮ್ಮಲ್ಲಿ ಎಷ್ಟು ಗದ್ದಲವಾಗುತ್ತದೆ ಎಂಬುದನ್ನು 2021ರ ಡಿಸೆಂಬರಿನಲ್ಲಿ ಕಂಡಿದ್ದೇವೆ. ಉತ್ತರ ಕರ್ನಾಟಕದ ಹಿಂದುಳಿದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವಾದವರಿಗೆ ಬಾಳೆಹಣ್ಣಿತ್ತು, ಆದರೂ ವಿರೋಧಿಸಿದರು. ನಮಗೆ ಮೊಟ್ಟೆ ಬೇಕು, ತಡೆದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಒಬ್ಬ ಶಾಲಾ ಬಾಲಕಿ ನೇರವಾಗಿ ಹೇಳಿದ್ದಳು. ಪೌಷ್ಟಿಕತೆಯ ಬಗ್ಗೆ ಆ ವರ್ಷ ಕೇಳಿದ ಅತ್ಯಂತ ವೈಚಾರಿಕವಾದ ಮಾತು ಅದೇ ಇರಬೇಕು.

ಈ ಬರಹವನ್ನು ಯಾರೂ ಮಾತ್ರೆ ಬೇಡ, ಊಟ ಸಾಕು ಎಂದು ಓದಿಕೊಳ್ಳಬಾರದು. ಹಾಗೆ ಹೇಳುವ ನಾಟಿ ಪಂಡಿತರೂ ಯೂಟ್ಯೂಬ್ ಪಂಡಿತರೂ ಜೀವ ತೆಗೆಯುತ್ತಾರೆ. ಜಾರ್ಖಂಡಿನ ರೋಗಿಗಳು ಮಾತ್ರೆಯ ಜೊತೆಗೇ ಆ ಅನ್ನ ಉಂಡದ್ದು. ನಿಮ್ಮ ಬೀದಿಯಲ್ಲಿ ಯಾರಾದರೂ ಆರು ತಿಂಗಳ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರೆ ನುಂಗಿದಿರಾ ಎಂದು ಖಂಡಿತ ಕೇಳಿ. ಜೊತೆಗೆ ಒಲೆಯ ಮೇಲೆ ಏನಿದೆ ಎಂದೂ ಕೇಳಿ. ಅವರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಬನ್ನಿ. ವೋಟು ಕೇಳಲು ಬಂದವರ ಮುಂದೆ, ಪಂಚಾಯಿತಿಯಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಆ ಹೆಂಗಸಿನ ಪ್ರಶ್ನೆಯನ್ನೇ ಎತ್ತಿ: ಮೊಟ್ಟೆ ಕೊಡುವ ಕಿಟಕಿ ಎಲ್ಲಿದೆ?