ದೂರದ ಮಕ್ಕಳ ಬಸ್ಸಿನ ವೆಚ್ಚವು ದಾನವೋ ಸಾಲವೋ?

ಪಣಂಬೂರಿನಲ್ಲಿ ಹೆದ್ದಾರಿಯ ಬದಿಯಲ್ಲಿ ಬೆಳಿಗ್ಗೆ ನಿಂತು ನೋಡುವವರಿಗೆ ಎರಡು ವಿಧವಾದ ಪ್ರಯಾಣಗಳು ಕಾಣುವವು. ಒಂದು ಕಡೆಯಲ್ಲಿ ಬಂದರಿನ ಸರಕನ್ನು ಹೊತ್ತ ದೊಡ್ಡ ಲಾರಿಗಳು ಒಂದರ ಹಿಂದೊಂದು ಹೋಗುತ್ತವೆ. ಇನ್ನೊಂದು ಕಡೆಯಲ್ಲಿ ಪುಸ್ತಕದ ಚೀಲವನ್ನು ಬೆನ್ನಿಗೇರಿಸಿಕೊಂಡ ಮಕ್ಕಳು ಬಸ್ಸಿಗಾಗಿ ಕಾದು ನಿಂತಿರುತ್ತಾರೆ. ಲಾರಿಗಳ ದಾರಿಯು ಯಾರ ದಯೆಯಿಂದ ಆಯಿತೆಂದು ಒಬ್ಬರೂ ಕೇಳುವದಿಲ್ಲ. ಮಕ್ಕಳ ಬಸ್ಸಿನ ವಿಷಯದಲ್ಲಿ ಮಾತ್ರ, ಅದರ ಹಣ ಕೊಡುವವರು ಯಾರು, ಕೊಟ್ಟರೆ ಅದು ಧರ್ಮಕ್ಕೆ ಕೊಟ್ಟದ್ದೋ ಸಲ್ಲಬೇಕಾದದ್ದೋ ಎಂಬ ಪ್ರಶ್ನೆಯು ಊರೂರಲ್ಲಿ ಏಳುತ್ತದೆ.

ಈಗ ಹಡಗುಗಳು ನಿಲ್ಲುವಲ್ಲಿ ಹಿಂದೆ ಜನರ ಮನೆಗಳಿದ್ದವು. ಬಂದರಿಗಾಗಿ ಭೂಮಿಯನ್ನು ತಕ್ಕೊಂಡಾಗ ಅನೇಕ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋಗಿ ನೆಲಸಬೇಕಾಯಿತು. 1974ರಲ್ಲಿ ಅದು ದೇಶದ ದೊಡ್ಡ ಬಂದರುಗಳಲ್ಲಿ ಒಂದೆಂದು ಎಣಿಸಲ್ಪಟ್ಟು, 1975ರ ಜನವರಿಯಲ್ಲಿ ಪ್ರಧಾನ ಮಂತ್ರಿ ಇಂದಿರಾ ಗಾಂಧಿಯವರಿಂದ ಉದ್ಘಾಟಿಸಲ್ಪಟ್ಟಿತು. ಅದು ಸೃಷ್ಟಿಯಲ್ಲಿಯೇ ಇದ್ದ ಬಂದರಲ್ಲ. ನೆಲವನ್ನು ಅಗೆದು ಕಡಲನ್ನು ಒಳಗೆ ತಂದದ್ದು. ಮಳೆಗಾಲದಲ್ಲಿ ಹಡಗಿನ ದಾರಿಯಲ್ಲಿ ಹೂಳು ತುಂಬುವದರಿಂದ ವರುಷ ವರುಷವೂ ಅದನ್ನು ಎತ್ತಿಸಬೇಕಾಗುತ್ತದೆ. ಕಳೆದ ವರುಷ ಎತ್ತಿಸಿದೆವಲ್ಲಾ, ಈ ವರುಷ ಹಡಗುಗಳು ತಮ್ಮ ದಾರಿಯನ್ನು ತಾವೇ ನೋಡಿಕೊಳ್ಳಲಿ ಎಂದು ಯಾರೂ ಹೇಳರು. ಹಡಗಿನವರು ಸುಂಕ ತೆರುತ್ತಾರಲ್ಲಾ ಎಂದು ನೀವು ಹೇಳಬಹುದು. ನಿಜವೇ. ಮಗುವೂ ತೆರುವದು, ಆದರೆ ಇಪ್ಪತ್ತು ವರುಷಗಳ ಮೇಲೆ, ದಾದಿಯಾಗಿಯೋ ಉಪಾಧ್ಯಾಯನಾಗಿಯೋ ದುಡಿದು ತೆರುವದು. ಅಷ್ಟು ಕಾಲ ಕಾಯುವ ತಾಳ್ಮೆ ನಮಗಿಲ್ಲದ್ದರಿಂದಲೇ ಅದರ ಬಸ್ಸಿಗೆ ದಾನವೆಂದು ಹೆಸರಿಡುತ್ತೇವೆ.

ಆರರಿಂದ ಹದಿನಾಲ್ಕು ವರುಷದ ಮಕ್ಕಳ ವಿದ್ಯೆಯನ್ನು ಹಕ್ಕೆಂದು ಸಾರುವ 2009ರ ಕಾಯಿದೆಯೂ ಅದರ ಕೆಳಗಿನ ನಿಯಮಗಳೂ ನಮಗಿಂತ ಮುಂಚೆಯೇ ಈ ಸಂಗತಿಯನ್ನು ಒಪ್ಪಿಕೊಂಡಿವೆ. ಐದನೆಯ ತರಗತಿಯ ವರೆಗಿನ ಶಾಲೆಯು 1 ಕಿಲೋಮೀಟರಿನೊಳಗೆ, ಎಂಟನೆಯದರ ವರೆಗಿನದು 3 ಕಿಲೋಮೀಟರಿನೊಳಗೆ ಇರಬೇಕು. ಶಾಲೆ ಇಲ್ಲದ ಸಣ್ಣ ಒಕ್ಕಲುಗಳ ಮಕ್ಕಳಿಗೆ ಉಚಿತವಾದ ವಾಹನದ ಏರ್ಪಾಡಾದರೂ ಇರಬೇಕು. ಇದು ದಾನದ ಮಾತಲ್ಲ. ಆದರೆ ಹದಿನಾಲ್ಕು ತುಂಬುವಲ್ಲಿಗೆ ಹಕ್ಕು ನಿಲ್ಲುತ್ತದೆ. ದೂರವು ಅಲ್ಲಿಂದಲೇ ಹೆಚ್ಚುತ್ತದೆ. ಹೈಸ್ಕೂಲು ಎರಡೂರಾಚೆ, ಕಾಲೇಜು ಪೇಟೆಯಲ್ಲಿ. ಹೆಣ್ಣುಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವದೂ ಇದೇ ವಯಸ್ಸಿನಲ್ಲಿ. ರಾಜ್ಯ ಸರಕಾರದವರು 2006ರಿಂದ ಎಂಟನೆಯ ತರಗತಿಯವರಿಗೆ ಕೆಲವು ಕಾಲ ಸೈಕಲು ಕೊಟ್ಟರು. ಬಯಲುಸೀಮೆಯಲ್ಲಿ ಅದು ಉಪಕಾರವೇ ಆಯಿತು. ನಮ್ಮ ಗುಡ್ಡದ ದಾರಿಗಳಲ್ಲಿ, ಆಟಿ ತಿಂಗಳ ಮಳೆಯಲ್ಲಿ, ಹುಡುಗಿಯು ಅದನ್ನು ತುಳಿದದ್ದಕ್ಕಿಂತ ದೂಡಿದ್ದೇ ಹೆಚ್ಚು.

2023ರ ಜೂನ್ 11ರಿಂದ ಶಕ್ತಿ ಯೋಜನೆಯು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರನ್ನೂ ಹುಡುಗಿಯರನ್ನೂ ಹಣವಿಲ್ಲದೆ ಕರಕೊಂಡು ಹೋಗುತ್ತದೆ. ಒಳ್ಳೇದು. ಆದರೆ ಮಂಗಳೂರಿನ ಸುತ್ತುಮುತ್ತಲ ದಾರಿಗಳಲ್ಲಿ ಹೆಚ್ಚಾಗಿ ಓಡುವವು ಖಾಸಗಿ ಬಸ್ಸುಗಳು. ಆದಕಾರಣ ಮೈಸೂರು ಸೀಮೆಯ ಹುಡುಗಿಗೆ ಸಿಕ್ಕಿದ್ದು ಇಲ್ಲಿಯ ಹುಡುಗಿಗೆ ಸಿಕ್ಕದೆ ಹೋಯಿತು. ಸಾಲ ತೀರಿಸುವವನು ಸಾಲ ಕೊಟ್ಟವನ ಮನೆಗೆ ಹೋಗತಕ್ಕದ್ದು. ತನಗೆ ಅನುಕೂಲವಾದ ಬೀದಿಯವರಿಗೆ ಕೊಟ್ಟು ತೀರಿತೆನ್ನಕೂಡದು. ಖಾಸಗಿಯವರು ವಿದ್ಯಾರ್ಥಿಗಳಿಗೆ ರಿಯಾಯತಿ ಕೊಡುತ್ತಾರೆ, ಅದರ ನಷ್ಟ ಅವರ ಮೇಲೆಯೇ ಬೀಳುತ್ತದೆ. ಊರಿನ ಸಾಲವನ್ನು ಒಬ್ಬ ಬಸ್ಸಿನವನ ಹೆಗಲ ಮೇಲೆ ಹೊರಿಸಿ, ಮಕ್ಕಳ ಗುಂಪನ್ನು ಕಂಡು ಕಂಡಕ್ಟರನು ಮುಖ ಸಿಂಡರಿಸಿದರೆ ಅವನನ್ನು ಬಯ್ಯುವದು ನಮ್ಮ ರೂಢಿ.

ಉಡುಪಿ ಜಿಲ್ಲೆಯ ಬಾರಾಳಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸುದ್ದಿಯನ್ನು 2018ರಲ್ಲಿ ನಿಮ್ಮಲ್ಲಿ ಕೆಲವರು ಓದಿದ್ದೀರಿ. ದೂರ ನಡೆಯಲಾರದೆ ಮಕ್ಕಳು ಶಾಲೆ ಬಿಡುವದನ್ನು ನೋಡಿ, ಹಳೇ ವಿದ್ಯಾರ್ಥಿಗಳ ಸಹಾಯದಿಂದ ಒಂದು ಬಸ್ಸನ್ನು ಕೊಂಡರು. ಚಾಲಕನಿಗೆ ಸಂಬಳ ಕೊಡಲಿಕ್ಕೆ ಗತಿಯಿಲ್ಲದ್ದರಿಂದ ದೈಹಿಕ ಶಿಕ್ಷಕರಾದ ರಾಜಾರಾಮರು ತಾವೇ ಅದನ್ನು ನಡಿಸಲಿಕ್ಕೆ ಕಲಿತು, ಬೆಳಿಗ್ಗೆ ಹಲವು ಸಾರಿ ಹೋಗಿ ಮಕ್ಕಳನ್ನು ತಂದು, ಆಮೇಲೆ ಪಾಠಕ್ಕೆ ನಿಂತರು. ಮಕ್ಕಳ ಸಂಖ್ಯೆಯು ಏರಿತು. ಇದನ್ನು ಓದಿ ಮೊದಲು ನಾವು ಸಂತೋಷಪಟ್ಟೆವು. ಮತ್ತೊಮ್ಮೆ ಓದಿ ನಾಚಿಕೊಂಡೆವು. ಯಾಕಂದರೆ ಸಮಸ್ತರು ಸಲ್ಲಿಸಬೇಕಾದದ್ದನ್ನು ಒಬ್ಬ ಉಪಾಧ್ಯಾಯನು ತನ್ನ ನಿದ್ರೆಯಿಂದ ಸಲ್ಲಿಸುತ್ತಿದ್ದನು, ನಾವು ದೂರದಿಂದ ಅವನನ್ನು ಹೊಗಳುತ್ತಿದ್ದೆವು. ಬಸ್ಸು ಕೊಡುವವರು ಹೇಗಾದರೂ ದೊರಕುವರು. ಅದರ ಮೈಮೇಲೆ ದಾನಿಯ ಹೆಸರು ಬರೆಯಲಿಕ್ಕೆ ಸ್ಥಳವುಂಟು. ಡೀಸೆಲಿನ ಮೇಲೆ ಹೆಸರು ಬರೆಯಲಿಕ್ಕಾಗದು. ಎರಡನೆಯ ವರುಷದ ಟಯರಿಗೂ ವಿಮೆಗೂ ಯಾರೂ ಕೈ ನೀಡರು.

ಹಾಗಾದರೆ ಹತ್ತಿರದ ಒಳ್ಳೇ ಶಾಲೆಯನ್ನು ಬಿಟ್ಟು, ಮನಸ್ಸಿಗೆ ಬಂದ ದೂರದ ಶಾಲೆಯ ವ್ಯಾನಿಗೆ ಮಕ್ಕಳನ್ನು ಹತ್ತಿಸುವವರ ವೆಚ್ಚವನ್ನೂ ಊರು ಕೊಡಬೇಕೋ? ಬೇಡ, ತಾವೇ ಆರಿಸಿಕೊಂಡ ದೂರಕ್ಕೆ ತಾವೇ ತೆರಲಿ. ಆದರೆ ಮಕ್ಕಳು ಕಡಿಮೆಯೆಂದು ಹಳ್ಳಿಯ ಶಾಲೆಯನ್ನು ಮುಚ್ಚಿ ಬೇರೆ ಶಾಲೆಗೆ ಸೇರಿಸುವಾಗ, ಆ ದೂರವನ್ನು ಉಂಟುಮಾಡಿದ್ದು ಕಚೇರಿಯ ಲೇಖನಿಯೇ. ಅಲ್ಲಿ ಬೀಗ ಬೀಳುವ ಮುಂಚೆ ಬಸ್ಸು ಬಂದು ನಿಲ್ಲತಕ್ಕದ್ದು. ನಿಮ್ಮೂರಿನ ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂತುಕೊಳ್ಳುವವರು, ಬಸ್ಸು ಬರುವದೋ ಎಂದು ಮಾತ್ರ ಕೇಳದೆ, ಬರುವ ವರುಷದ ಮಳೆಗಾಲದಲ್ಲಿ ಅದರ ಡೀಸೆಲಿಗೂ ಚಾಲಕನ ಸಂಬಳಕ್ಕೂ ಹಣವು ಯಾವ ಲೆಕ್ಕದಿಂದ ಬರುವದೆಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಕ್ಕೊಳ್ಳಲಿ.