ಚಿಪ್ಪಿನ ಹೊರಗಿನ ಕೈ

ತತ್ತಿಗೆ ಬಿರುಕು ಬಿಟ್ಟು ಗಂಟೆಗಟ್ಟಲೆ ಕಳೆದರೂ ಹೊರಬಾರದ ಮರಿಗೆ ಹೊರಗಿನಿಂದ ಚಿಪ್ಪು ಸುಲಿದು ಕೊಡುವುದು ದಯೆಯೋ ಹಿಂಸೆಯೋ ಎಂಬ ಪ್ರಶ್ನೆ ಕೋಳಿ ಸಾಕುವವರಿಗಷ್ಟೇ ಸೇರಿದ್ದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯಲ್ಲಿ ಅದಕ್ಕೆ ಹಳೆಯ ನೆಲೆಯೊಂದಿದೆ. ಕವಿರಾಜಮಾರ್ಗವು ಹೆಸರಿಸುವ ಕೊಪಣ, ಅಂದರೆ ಇಂದಿನ ಕೊಪ್ಪಳ, ಶತಮಾನಗಳ ಕಾಲ ಜೈನರ ಮಹಾತೀರ್ಥವಾಗಿತ್ತು. ಪರಜೀವಕ್ಕೆ ನೋವಾಗದಂತೆ ಕೈಕಾಲು ಆಡಿಸುವುದು ಹೇಗೆಂಬುದು ಅಲ್ಲಿ ದಿನನಿತ್ಯದ ಶಿಸ್ತಾಗಿತ್ತು.

ಮರಿ ಹೊರಬರುವ ಹೊತ್ತಿನಲ್ಲಿ ತತ್ತಿ ನಿಶ್ಚಲವಾಗಿ ಕಂಡರೂ ಒಳಗೆ ಬಿಡುವಿರುವುದಿಲ್ಲ. ಕಾವಿಗಿಟ್ಟ 20ನೆಯ ದಿನದ ಆಸುಪಾಸಿನಲ್ಲಿ ಮರಿಯು ತತ್ತಿಯ ಮೊಂಡು ತುದಿಯ ಗಾಳಿಗೂಡಿಗೆ ಕೊಕ್ಕು ತೂರಿಸಿ ಶ್ವಾಸಕೋಶದಿಂದ ಉಸಿರಾಡತೊಡಗುತ್ತದೆ. ಬಳಿಕ ತತ್ತಿಹಲ್ಲಿನಿಂದ, ಅಂದರೆ ಕೊಕ್ಕಿನ ಮೇಲಿದ್ದು ಕೆಲವೇ ದಿನಗಳಲ್ಲಿ ಉದುರಿಹೋಗುವ ಗಟ್ಟಿ ಮೊನೆಯಿಂದ, ಚಿಪ್ಪಿಗೆ ತೂತು ಮಾಡಿ, ಸಾಮಾನ್ಯವಾಗಿ 12ರಿಂದ 24 ಗಂಟೆಗಳ ಕಾಲ ಸುಮ್ಮನಿದ್ದಂತೆ ತೋರುತ್ತದೆ. ಆ ಅವಧಿಯಲ್ಲಿ ಅಳಿದುಳಿದ ಹಳದಿ ಭಾಗವು ಹೊಕ್ಕುಳಿನ ಮೂಲಕ ಹೊಟ್ಟೆಗೆ ಸೇರುತ್ತಿರುತ್ತದೆ, ಒಳಪೊರೆಗೆ ಹರಡಿದ್ದ ರಕ್ತನಾಳಗಳು ಬತ್ತುತ್ತಿರುತ್ತವೆ. ಅದಕ್ಕೆ ಮೊದಲೇ ಉಗುರಿನಿಂದ ಚಿಪ್ಪನ್ನು ಎಬ್ಬಿಸಿದರೆ ಬಿಳಿಯ ಪೊರೆಯ ಮೇಲೆ ನೆತ್ತರಿನ ಹನಿ ಮೂಡುತ್ತದೆ, ಎಷ್ಟೋ ಸಲ ಮರಿ ಅಲ್ಲಿಗೇ ಮುಗಿಯುತ್ತದೆ.

ಸುಲಿದವರ ಮನಸ್ಸಿನಲ್ಲಿದ್ದುದು ಕರುಣೆಯೇ ಆದ್ದರಿಂದ ದೋಷವಿಲ್ಲ ಎನ್ನಬಹುದೇ? ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ದೇವಿಗೆ ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ; ಹಿಟ್ಟಿಗೆ ಪ್ರಾಣವಿಲ್ಲದಿದ್ದರೂ ಸಂಕಲ್ಪಹಿಂಸೆಯ, ಅಂದರೆ ಮನಸ್ಸಿನಲ್ಲಿ ಕೊಲ್ಲಲು ನಿಶ್ಚಯಿಸಿದ್ದರ, ಫಲವಾಗಿ ತಾಯಿಮಗ ಹಲವು ಪ್ರಾಣಿಜನ್ಮಗಳನ್ನು ಎತ್ತಿ ಕೊನೆಗೆ ಕೋಳಿಗಳಾಗಿಯೂ ಹುಟ್ಟಿ ಸಾಯುತ್ತಾರೆ. ಚಿಪ್ಪು ಸುಲಿಯುವವನದು ಇದಕ್ಕೆ ತದ್ವಿರುದ್ಧವಾದ ಪ್ರಸಂಗ, ಏಕೆಂದರೆ ಇಲ್ಲಿ ಸಂಕಲ್ಪ ಶುದ್ಧ, ನೆತ್ತರು ಮಾತ್ರ ನಿಜ. ಸಂಕಲ್ಪವೊಂದೇ ಅಳತೆಗೋಲಾದರೆ ಆತ ನಿರ್ದೋಷಿಯೇ ಸರಿ. ಆದರೆ ಉಮಾಸ್ವಾತಿಯ ಜೈನಗ್ರಂಥ ತತ್ತ್ವಾರ್ಥಸೂತ್ರ ಹಿಂಸೆಯನ್ನು ಪ್ರಮಾದದೊಂದಿಗೆ, ಅಂದರೆ ಎಚ್ಚರಗೇಡಿತನದೊಂದಿಗೆ, ಕಟ್ಟಿಹಾಕುತ್ತದೆ. ತಾಳ್ಮೆಗೆಟ್ಟ ಕರುಣೆಯೂ ಪ್ರಮಾದವೇ; ನೋಡಲಾರದೆ ಕೈಹಾಕಿದವನು ಹೆಚ್ಚಿನ ಪಾಲು ತನ್ನ ಸಂಕಟವನ್ನೇ ಕಳೆದುಕೊಳ್ಳುತ್ತಿರುತ್ತಾನೆ.

ಹಾಗೆಂದು, ಹೆಣಗಾಡಿದರಷ್ಟೇ ಮರಿ ಬಲಿಯುತ್ತದೆ, ಮುಟ್ಟಲೇಬಾರದು ಎಂಬ ವಾದ ಪೂರ್ತಿ ನಿಲ್ಲುವುದಿಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲಿರುವ ಅಶೋಕನ ಶಾಸನವು ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಹುದೆಂದು ಸಾರುತ್ತದೆ, ನಿಜ. ಆದರೆ ಅದೇ ಅರಸನು ತನ್ನ ಐದನೆಯ ಸ್ತಂಭಶಾಸನದಲ್ಲಿ ಹುಂಜದ ಬೀಜ ತೆಗೆಯಬಾರದು, ಜೀವಿಗಳಿರುವ ಹೊಟ್ಟನ್ನು ಸುಡಬಾರದು ಎಂಬಷ್ಟು ಸಣ್ಣ ವಿವರಕ್ಕೂ ಇಳಿದಿದ್ದಾನೆ. ಪ್ರಯತ್ನ ಜೀವಿಯದಾದರೂ ಅದಕ್ಕೆ ಅಡ್ಡಿಯಾಗುವುದು ಹಲವು ವೇಳೆ ಮನುಷ್ಯನ ಕೆಲಸ.

ಯಂತ್ರದ ಕಾವಿನಲ್ಲಿ ಇದು ಇನ್ನೂ ಸ್ಪಷ್ಟ. 37.5 ಡಿಗ್ರಿ ಶಾಖವಿದ್ದರೆ ಸಾಲದು. ಕೊನೆಯ ಮೂರು ದಿನ ಗಾಳಿಯ ತೇವ ಶೇ. 65ಕ್ಕಿಂತ ಹೆಚ್ಚಿರಬೇಕು. ಯಲಬುರ್ಗಾ, ಕುಷ್ಟಗಿಗಳ ಬೇಸಿಗೆಯ ಒಣಗಾಳಿಯಲ್ಲಿ ನೀರಿನ ತಟ್ಟೆ ಬತ್ತಿದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಆಗ ಸೋತದ್ದು ಮರಿಯಲ್ಲ. ರಾಜಸ್ಥಾನದಲ್ಲಿ 1760ರಲ್ಲಿ ಆಚಾರ್ಯ ಭಿಕ್ಷು ಆರಂಭಿಸಿದ ತೇರಾಪಂಥವೆಂಬ ಜೈನ ಪಂಗಡವು ಜೀವವೊಂದನ್ನು ಉಳಿಸುವುದು ಲೌಕಿಕ ಉಪಕಾರವೇ ಹೊರತು ಮೋಕ್ಷಮಾರ್ಗವಲ್ಲ ಎಂದು ವಾದಿಸಿತು. ಮುನಿಗೆ ಅದು ಒಪ್ಪಬಹುದು, ತತ್ತಿಯನ್ನು ತಾನೇ ಕಾವಿಗಿಟ್ಟ ಗೃಹಸ್ಥನು ಅದರ ಮರೆಯಲ್ಲಿ ನಿಲ್ಲಲಾರ. ಒಂದು ದಿನಪೂರ್ತಿ ಕಾದ ಮೇಲೂ ಮರಿ ಮುಂದುವರಿಯದಿದ್ದರೆ ಆತ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಅರಿವೆಯಿಂದ, ಮೂಗಿನ ಹೊಳ್ಳೆಗೆ ನೀರು ಹೋಗದಂತೆ, ಪೊರೆಯನ್ನು ನೆನೆಸಿ, ಕೊಕ್ಕಿನ ಸುತ್ತ ಚೂರುಚೂರೇ ಚಿಪ್ಪು ಬಿಡಿಸಬೇಕು; ನೆತ್ತರು ಕಂಡ ಕ್ಷಣವೇ ನಿಲ್ಲಿಸಿ, ತತ್ತಿಯನ್ನು ಮರಳಿ ಕಾವಿಗಿಟ್ಟು, ಕೆಲವು ಗಂಟೆ ಕಾದು ನೋಡಬೇಕು. ಕೆಳಭಾಗದ ಚಿಪ್ಪನ್ನು ಮಾತ್ರ ಮರಿಯೇ ಒದ್ದು ಕಳಚಿಕೊಳ್ಳಲು ಬಿಡಬೇಕು, ಏಕೆಂದರೆ ಹೊಕ್ಕುಳು ಮುಚ್ಚಿದೆಯೋ ಇಲ್ಲವೋ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.